ಫ್ರೀಜರಿನಲ್ಲೂ ಕಲ್ಲಾಗದ ಜೋನಿ ಬೆಲ್ಲ

ಶಿರಸಿ ಕಡೆಯ ಜೋನಿ ಬೆಲ್ಲವನ್ನು, ಅಂದರೆ ಅಚ್ಚಾಗದೆ ಪಾಕದಂತೆ ಸುರಿಯುವ ಬೆಲ್ಲವನ್ನು, ಒಂದು ಬಟ್ಟಲಿಗೆ ಹಾಕಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಅದು ಬಿಗಿದುಕೊಂಡು ಅಂಟಂಟಾಗಿರುತ್ತದೆ, ಆದರೂ ಚಮಚ ಇಳಿಯುತ್ತದೆ. ಪಕ್ಕದಲ್ಲಿಟ್ಟ ನೀರು ಮಾತ್ರ ಕಲ್ಲು. ಹಾಲಿಲ್ಲದ ಚಾಕೊಲೇಟ್ ಐಸ್ ಕ್ರೀಮಿನ ಗುಟ್ಟು ಈ ಬಟ್ಟಲಿನಲ್ಲೇ ಇದೆ.

'ಹಾಲಿಲ್ದೆ ಎಂತಾ ಐಸ್ ಕ್ರೀಮು ಮಾರಾಯಾ, ಅದು ಬರೀ ಐಸ್ ಆಗ್ತದೆ' ಅನ್ನುವವರು ಜಾಸ್ತಿ. ಬರೀ ಹಾಲನ್ನು ಫ್ರೀಜರಿನಲ್ಲಿಟ್ಟು ಮರೆತವರನ್ನು ಕೇಳಿ. ಅದೂ ಇಟ್ಟಿಗೆಯೇ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇದೆ, ಇನ್ನೇನಾಗಬೇಕು? ಐಸ್ ಕ್ರೀಮ್ ಮೆತ್ತಗಿರುವುದು ಅದರೊಳಗಿನ ನೀರು ಪೂರ್ತಿ ಹೆಪ್ಪುಗಟ್ಟದೆ ಉಳಿಯುವುದರಿಂದ. ಆ ಕೆಲಸ ಸಕ್ಕರೆಯದ್ದು, ಹಸುವಿನದ್ದಲ್ಲ.

ನೀರು ಐಸ್ ಆಗುವುದೆಂದರೆ ಅದರ ಅಣುಗಳೆಲ್ಲ ಮದುವೆ ಮನೆಯ ಪಂಕ್ತಿಯ ಹಾಗೆ ಸಾಲಾಗಿ ಕೂರುವುದು. ಸಕ್ಕರೆಯ ಅಣುಗಳು ಆ ಸಾಲಿನ ನಡುವೆ ಓಡಾಡುವ ಮಕ್ಕಳು. ಅವರಿರುವಷ್ಟು ಹೊತ್ತು ಯಾರೂ ನೆಟ್ಟಗೆ ಕೂರುವ ಹಾಗಿಲ್ಲ. ಕೂರಿಸಬೇಕಾದರೆ ಇನ್ನಷ್ಟು ಚಳಿ ಬೇಕು. ತಮಾಷೆ ಏನೆಂದರೆ, ಇಲ್ಲಿ ಮಕ್ಕಳ ತೂಕ ಲೆಕ್ಕಕ್ಕಿಲ್ಲ, ತಲೆ ಎಣಿಕೆ ಮಾತ್ರ. ಒಬ್ಬ ದಪ್ಪ ಹುಡುಗ ಎಷ್ಟು ಪಂಕ್ತಿ ಕೆಡಿಸುತ್ತಾನೋ, ಒಬ್ಬ ಸಣಕಲನೂ ಅಷ್ಟೇ ಕೆಡಿಸುತ್ತಾನೆ. ಒಂದು ಕೆಜಿ ನೀರಿಗೆ 342 ಗ್ರಾಂ ಸಕ್ಕರೆ ಹಾಕಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಸುಮಾರು 1.86 ಡಿಗ್ರಿ ಇಳಿಯುತ್ತದೆ. ಅಷ್ಟೇ ಇಳಿಸಲು ಗ್ಲೂಕೋಸ್ ಆದರೆ 180 ಗ್ರಾಂ ಸಾಕು. ಸಕ್ಕರೆಯ ಒಂದು ಅಣು ಎಂದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಕೈ ಹಿಡಿದುಕೊಂಡ ಜೋಡಿ. ಕೈ ಬಿಡಿಸಿದರೆ ಒಬ್ಬನ ಜಾಗದಲ್ಲಿ ಇಬ್ಬರು!

ಆಲೆಮನೆಯ ಕೊಪ್ಪರಿಗೆಯಲ್ಲಿ ನಡೆಯುವುದೂ ಇದೇ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಬಹಳ ಹೊತ್ತು ಕುದಿಯುವಾಗ ಒಂದಷ್ಟು ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಈ ಬಿಡಿ ಸಕ್ಕರೆಗಳು ಉಳಿದ ಸಕ್ಕರೆ ಸುಲಭವಾಗಿ ಹರಳುಗಟ್ಟಲು ಬಿಡುವುದಿಲ್ಲ. ಅದಕ್ಕೇ ಜೋನಿ ಬೆಲ್ಲ ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದರೂ ಸುರಿಯಲು ಬರುತ್ತದೆ. ಅಂಗಡಿಯ ಐಸ್ ಕ್ರೀಮಿಗೆ ಹಲವು ಕಂಪನಿಗಳು ಗ್ಲೂಕೋಸ್ ಸಿರಪ್ ಸೇರಿಸುತ್ತವೆ. ಶಿರಸಿ, ಸಿದ್ದಾಪುರದ ಅಡುಗೆಮನೆಯಲ್ಲಿ ಅದರ ಅಣ್ಣ ಆಗಲೇ ಕೂತಿದ್ದಾನೆ, ಅಲ್ಲಿನ ತೆಳು ಸಿಹಿತಿಂಡಿ ತೊಡದೇವಿನ ಜೊತೆಗಷ್ಟೇ ನೆನಪಾಗುತ್ತಾನೆ.

'ಫ್ರೀಜರಿನಿಂದ ತೆಗೆದ ಕೂಡಲೇ ಮೆತ್ತಗಿದ್ದರೆ ಅದರಲ್ಲಿ ಕೆಮಿಕಲ್ ಇದೆ' ಎಂಬ ವಾಟ್ಸಾಪ್ ಸಂದೇಶಕ್ಕೂ ಉತ್ತರ ಇಲ್ಲೇ ಸಿಕ್ಕಿತು, ಅಲ್ವಾ? ಐಸ್ ಕ್ರೀಮ್ ದಪ್ಪವಾಗಲು ಹಾಕುವ, ಆ ಸಂದೇಶದವರು ಹೆದರುವ ಗೌರ್ ಗಮ್ ಕೂಡ ಗೋರಿಕಾಯಿ ಬೀಜದ ಹಿಟ್ಟು. ಪಲ್ಯ ತಿನ್ನುವಾಗ ಯಾರೂ ಹೆದರಿದ್ದು ಕಂಡಿಲ್ಲ.

ಬೆಲ್ಲಕ್ಕೂ ಹಸುವಿನ ಹಾಲಿಗೂ ಅಷ್ಟಕ್ಕಷ್ಟೇ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಕೇಸಿನ್ ಎಂಬ ಪ್ರೋಟೀನು ಗಟ್ಟಿಯಾಗಿ ಹಾಲು ಒಡೆಯುವುದುಂಟು. ನಮ್ಮ ಐಸ್ ಕ್ರೀಮಿಗೆ ಅದರ ಬದಲು ಹಾಕುವ ಕಾಯಿಹಾಲಿನಲ್ಲಿ ಕೇಸಿನ್ ಇಲ್ಲವೇ ಇಲ್ಲ. ಹಾಗಾಗಿ ನಮ್ಮ ಪಾಯಸಗಳಲ್ಲಿ ಕಾಯಿಹಾಲು, ಬೆಲ್ಲ ಜಗಳವಿಲ್ಲದೆ ಕೂಡಿಕೊಳ್ಳುತ್ತವೆ. ಜೊತೆಗೆ ಕಾಯಿಹಾಲಿನ ಕೊಬ್ಬಾದ ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಡಿಸೆಂಬರಿನ ಶಿರಸಿಯಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುತ್ತದೆ, ಬಾಯೊಳಗೆ ಕ್ಷಣದಲ್ಲಿ ಕರಗುತ್ತದೆ. ಐಸ್ ಕ್ರೀಮಿಗೆ ಇದಕ್ಕಿಂತ ಒಳ್ಳೆಯ ಕೊಬ್ಬು ಬೇಕೆ? ಚಾಕೊಲೇಟ್ ಬಾರಿನ ಕೋಕೋ ಬೆಣ್ಣೆ ಕರಗಲು 34 ಡಿಗ್ರಿ ಬೇಕು, ಅದು ಜಾಸ್ತಿಯಾದರೆ ಐಸ್ ಕ್ರೀಮ್ ಬಿರುಸಾಗುತ್ತದೆ. ಅದಕ್ಕೇ ಬಾರ್ ಬೇಡ, ಕೋಕೋ ಪುಡಿ ಸಾಕು. ಬೀಜದಿಂದ ಬೆಣ್ಣೆ ಹಿಂಡಿ ತೆಗೆದು ಪುಡಿ ಮಾಡುವ ವಿಧಾನಕ್ಕೆ ಡಚ್ಚರ ವ್ಯಾನ್ ಹೌಟೆನ್ ಮನೆತನ 1828ರಲ್ಲೇ ಪೇಟೆಂಟ್ ಪಡೆದಿತ್ತು.

ಈಗ ಅಡುಗೆ. ಎರಡು ದೊಡ್ಡ ಕಾಯಿ ತುರಿದು, ಕಡಿಮೆ ನೀರಿನಲ್ಲಿ ರುಬ್ಬಿ, 300 ಮಿಲಿ ದಪ್ಪ ಹಾಲು ಹಿಂಡಿಕೊಳ್ಳಿ. ಎರಡನೇ ಹಾಲು 100 ಮಿಲಿ ಬೇರೆ ಇಡಿ. ಈ ಎರಡನೇ ಹಾಲಿಗೆ 50 ಗ್ರಾಂ ಕೋಕೋ ಪುಡಿ, 200 ಗ್ರಾಂ ಜೋನಿ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ ಕುದಿಸಿ. ಕೋಕೋದಲ್ಲಿರುವ ಪಿಷ್ಟ ಬೆಂದು ಮಿಶ್ರಣ ದಪ್ಪವಾಗುತ್ತದೆ. ದಪ್ಪ ಹಾಲನ್ನು ಕುದಿಸಬೇಡಿ, ಎಣ್ಣೆ ಬಿಡುತ್ತದೆ. ಪಾಯಸ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ನೆನೆಸಿದ 40 ಗ್ರಾಂ ಗೋಡಂಬಿಯನ್ನು ಬೆಣ್ಣೆಯಂತೆ ರುಬ್ಬಿ. ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡಲು ಅದರ ಪ್ರೋಟೀನು ನೆರವಾಗುತ್ತದೆ. ಕುದಿಸಿದ್ದು ಆರಿದ ಮೇಲೆ ಎಲ್ಲ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ, ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ. ಬೆಲ್ಲ ಇನ್ನೂ ಜಾಸ್ತಿ ಸುರಿಯುವ ಆಸೆ ಬೇಡ, ಕೊನೆಗೆ ಹೆಪ್ಪೇ ಕಟ್ಟುವುದಿಲ್ಲ.

ಹೆಪ್ಪುಗಟ್ಟಿಸುವಾಗ ಅವಸರವೇ ಒಳ್ಳೆಯದು. ಬೇಗ ತಣಿದರೆ ಹರಳುಗಳು ಸಣ್ಣದಾಗಿಯೇ ಉಳಿಯುತ್ತವೆ. ಹರಳು 50 ಮೈಕ್ರೋಮೀಟರ್ ದಾಟಿದರೆ ನಾಲಿಗೆಗೆ ತರಿತರಿ ಅನ್ನಿಸತೊಡಗುತ್ತದೆ. ಯಂತ್ರ ಇಲ್ಲದಿದ್ದರೆ ಕಾರವಾರದ ಕಡೆ ಮೀನಿಗೆ ಹಾಕುವ ಐಸ್ ಇದೆಯಲ್ಲ, ಅಂಥ ಪುಡಿ ಐಸ್ ಮೂರು ಭಾಗ, ಸಾಣಿಕಟ್ಟಾದ ಕಲ್ಲುಪ್ಪು ಒಂದು ಭಾಗ ಬಕೆಟ್ಟಿಗೆ ಹಾಕಿ. ನಡುವೆ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟು ತಿರುಗಿಸುತ್ತಿರಿ. ಆಗಾಗ ಮುಚ್ಚಳ ತೆಗೆದು ಅಂಚಿಗೆ ಅಂಟಿದ್ದನ್ನು ಕೆರೆದು ಕಲಸಿ. ಗಾಳಿಯೂ ಸೇರುತ್ತದೆ. ಇಲ್ಲೂ ಪಂಕ್ತಿಯ ಮಕ್ಕಳದ್ದೇ ಕೆಲಸ. ಉಪ್ಪು ಕರಗಿದರೆ ಸೋಡಿಯಂ ಒಂದು ಕಡೆ, ಕ್ಲೋರೈಡ್ ಒಂದು ಕಡೆ, ತಲೆ ಎರಡಾಗುತ್ತವೆ. ಆ ಗಲಾಟೆಯಲ್ಲಿ ಐಸ್ ಕರಗಲೇಬೇಕು. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಶಾಖ ಬೇಕು, ಅದನ್ನು ನಿಮ್ಮ ಡಬ್ಬಿಯಿಂದಲೇ ಎಳೆದುಕೊಳ್ಳುತ್ತದೆ. ಹೀಗೆ ಸೊನ್ನೆಯ ಕೆಳಗೆ 21 ಡಿಗ್ರಿವರೆಗೂ ಇಳಿಯಲು ಸಾಧ್ಯ. ಬರಿಗೈ ಹಾಕಬೇಡಿ. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ ಕೈತಿರುಗಣೆಯ ಯಂತ್ರ ಇದೇ ಉಪ್ಪು–ಐಸಿನದ್ದು. ಅದಕ್ಕೂ ಹತ್ತು ವರ್ಷ ಮೊದಲು, 1833ರಲ್ಲಿ, ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಹಡಗಿನಲ್ಲಿ ಐಸ್ ತುಂಬಿ ಕೋಲ್ಕತ್ತಾಕ್ಕೆ ಕಳಿಸಿದ್ದ. ನಾಲ್ಕು ತಿಂಗಳ ಸಮುದ್ರಯಾನದ ಮೇಲೂ ಸುಮಾರು 100 ಟನ್ ಉಳಿದಿತ್ತಂತೆ!

ಗಟ್ಟಿಯಾದ ಮೇಲೆ ಅಗಲವಾದ ಚಪ್ಪಟೆ ಡಬ್ಬಿಗೆ ತುಂಬಿ ಫ್ರೀಜರಿನ ಹಿಂಭಾಗದಲ್ಲಿಡಿ. ಬಾಗಿಲ ಹತ್ತಿರ ಬೇಡ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದರೆ ಸಣ್ಣ ಹರಳು ಕರಗಿ ದೊಡ್ಡ ಹರಳಿಗೆ ಸೇರಿಕೊಳ್ಳುತ್ತದೆ, ಐಸ್ ಕ್ರೀಮ್ ಮರಳು ಮರಳಾಗುತ್ತದೆ. ಅರ್ಧಂಬರ್ಧ ಮೆತ್ತಗಾಗಿ ಇನ್ನೂ ತಣ್ಣಗೇ ಇದ್ದರೆ ಹೆದರಬೇಡಿ. ಇನ್ನೊಮ್ಮೆ ಮಿಕ್ಸಿಗೆ ಹಾಕಿ, ಇನ್ನೊಮ್ಮೆ ಹೆಪ್ಪುಗಟ್ಟಿಸಿ. ಪೂರ್ತಿ ಕರಗಿ ಗಂಟೆಗಟ್ಟಲೆ ಬೆಚ್ಚಗಿತ್ತು ಅಂದರೆ ಮಾತ್ರ ಚೆಲ್ಲಿಬಿಡಿ. ಕಾಯಿಹಾಲು ಹಸುವಿನ ಹಾಲಿನಷ್ಟೇ ಬೇಗ ಹಳಸುತ್ತದೆ.