ಮೂರನೆಯ ತಿದ್ದುಪಡಿಗೂ ಮುರಿಯದ ಕಡತ

ಕೆಲವು ವರ್ಷ ಮೋಷನ್ ಗ್ರಾಫಿಕ್ಸ್ (ಅಕ್ಷರ, ಆಕಾರ, ಲೋಗೋಗಳಿಗೆ ಚಲನೆ ಕೊಡುವ ಕೆಲಸ) ಮಾಡಿ ಕೈ ಪಳಗಿಸಿಕೊಂಡು, ಈಗ 3ಡಿ ಕಲಿಯಹೊರಟವರು ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ: ಬ್ಲೆಂಡರ್ ಕಲಿಯಲೇ, ಸಿನಿಮಾ 4ಡಿ ಕಲಿಯಲೇ? ನಾನು ಅವರನ್ನು ಮರಳಿ ಕೇಳುತ್ತೇನೆ: ನೀವು ಮಾಡಿಕೊಟ್ಟ ಕೆಲಸ ತಿದ್ದುಪಡಿಗೆಂದು ಎಷ್ಟು ಸಲ ವಾಪಸು ಬರುತ್ತದೆ? ಮೂರು ಸಲಕ್ಕಿಂತ ಕಡಿಮೆ ಎಂದವರು ಇಲ್ಲವೇ ಇಲ್ಲ. ಹಾಗಿದ್ದ ಮೇಲೆ ಯಾವ ಸಾಫ್ಟ್‌ವೇರ್ ಅಂದವಾದ ಚಿತ್ರ ಕೊಡುತ್ತದೆ ಎಂದು ಅಳೆಯುತ್ತ ಕೂರಬೇಡಿ. ಇಂದು ಎಲ್ಲವೂ ಅಂದವಾಗಿಯೇ ಕೊಡುತ್ತವೆ. ಮಾಡಿದ್ದನ್ನು ಬದಲಿಸುವಾಗ ಯಾವುದು ಕೈಕೊಡುವುದಿಲ್ಲ ಎಂಬುದನ್ನು ನೋಡಿ.

ಆರಂಭದ ದಿನಗಳಲ್ಲಿ ಹತ್ತು ಸೆಕೆಂಡಿನ ಒಂದು ಲೋಗೋ ಮಾಡಿದ್ದೆ. ಚದುರಿದ 400 ಪುಟ್ಟ ಬಿಲ್ಲೆಗಳು ಒಟ್ಟುಗೂಡಿ ಸಂಸ್ಥೆಯ ಗುರುತಾಗಬೇಕು. ಬಿಲ್ಲೆಗಳನ್ನು ಗುಂಪುಗುಂಪಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಕೈಯಾರೆ ಕೀಫ್ರೇಮ್ ಇಟ್ಟೆ, ಅಂದರೆ ಯಾವ ಕ್ಷಣದಲ್ಲಿ ಯಾವುದು ಎಲ್ಲಿರಬೇಕೆಂದು ಗುರುತು ಹಾಕಿದೆ. ಗ್ರಾಹಕರಿಗೆ ಇಷ್ಟವಾಯಿತು. ‘ಬಿಲ್ಲೆ 250 ಸಾಕು, ಸ್ವಲ್ಪ ದಪ್ಪಗಿರಲಿ. ಎಡಗಡೆಯಿಂದ ಕೂಡಿಕೊಳ್ಳಲಿ. ಎರಡು ಸೆಕೆಂಡು ಕಡಿಮೆಯಾಗಲಿ’ ಎಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾಲ್ಕು ದಿನದ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು.

ಅದೇ ಕೆಲಸವನ್ನು ಸಿನಿಮಾ 4ಡಿಯಲ್ಲಿ ಹೀಗೆ ಮಾಡುತ್ತೇನೆ. ಒಂದೇ ಒಂದು ಬಿಲ್ಲೆ ಮಾಡಿ ಕ್ಲೋನರ್‌ನ ಅಡಿಗೆ ಹಾಕಿದರೆ, ಅದು ಲೋಗೋದ ಮೇಲ್ಮೈಯ ಉದ್ದಗಲಕ್ಕೂ ಬಿಲ್ಲೆಯನ್ನು ಹರಡುತ್ತದೆ. ರ‍್ಯಾಂಡಮ್ ಎಫೆಕ್ಟರ್ ಅವುಗಳನ್ನು ದಿಕ್ಕಾಪಾಲಾಗಿ ಚದುರಿಸುತ್ತದೆ. ಆ ಎಫೆಕ್ಟರ್ ಎಲ್ಲಿಯವರೆಗೆ ಕೆಲಸ ಮಾಡಬೇಕೆಂಬುದನ್ನು ಒಂದು ಲೀನಿಯರ್ ಫೀಲ್ಡ್ ತೀರ್ಮಾನಿಸುತ್ತದೆ. ಫೀಲ್ಡ್ ಸರಿದುಹೋದ ಕಡೆಯಲ್ಲೆಲ್ಲ ಬಿಲ್ಲೆಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಇಷ್ಟಕ್ಕೂ ಸೇರಿ ಇರುವ ಕೀಫ್ರೇಮ್ ಎರಡು, ಫೀಲ್ಡ್ ಹೊರಡುವಲ್ಲಿ ಒಂದು, ನಿಲ್ಲುವಲ್ಲಿ ಒಂದು. 400 ಬೇಡ, 250 ಬೇಕೆಂದರೆ ಒಂದು ಅಂಕಿ ಬದಲಿಸಬೇಕು. ದಿಕ್ಕು ಬೇರೆ ಬೇಕೆಂದರೆ ಫೀಲ್ಡನ್ನು ತಿರುಗಿಸಬೇಕು. ಸಮಯ ಕಡಿಮೆಯಾಗಬೇಕೆಂದರೆ ಎರಡನೆಯ ಕೀಫ್ರೇಮನ್ನು ಹಿಂದಕ್ಕೆ ಎಳೆಯಬೇಕು. 2006ರಲ್ಲಿ ಬಂದ ಮೋಗ್ರಾಫ್ ಎಂಬ ಸಾಧನಗಳ ಗುಂಪು ಇದಕ್ಕೆ ಅಡಿಪಾಯ, ಫೀಲ್ಡ್ ಸೇರಿದ್ದು 2018ರಲ್ಲಿ. ಮೋಷನ್ ಗ್ರಾಫಿಕ್ಸ್ ಮಾಡುವವರು ಬಳಸುವ ಆಫ್ಟರ್ ಎಫೆಕ್ಟ್ಸ್ ಜೊತೆಗೆ ಸಿನಿಮಾ 4ಡಿಯ ಕಿರು ಆವೃತ್ತಿಯೊಂದು 2013ರಿಂದ ಬರುತ್ತಿದೆ. 3ಡಿ ನಿಮ್ಮ ಸ್ವಭಾವಕ್ಕೆ ಒಗ್ಗುವುದೇ ಎಂದು ತಿಳಿಯಲು ಅಷ್ಟು ಸಾಕು.

ಬ್ಲೆಂಡರ್ ಹುಟ್ಟಿದ್ದು ನೆದರ್ಲೆಂಡ್ಸ್‌ನ ಒಂದು ಆನಿಮೇಷನ್ ಸ್ಟುಡಿಯೋದ ಒಳಬಳಕೆಗೆ. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಮುಕ್ತ ತಂತ್ರಾಂಶವಾಗಿಸಿದರು. 2019ರ 2.8 ಆವೃತ್ತಿಯ ನಂತರ ಹೊಸಬರಿಗೆ ಅದರ ಪರದೆ ಮೊದಲಿನಷ್ಟು ಗೊಂದಲವೆನಿಸುವುದಿಲ್ಲ. 2021ರಲ್ಲಿ ಬಂದ ಜಿಯಾಮೆಟ್ರಿ ನೋಡ್ಸ್ ನಮ್ಮಂಥವರಿಗೆ ಸಿಕ್ಕ ದೊಡ್ಡ ವರ. ನೋಡ್ ಎಂದರೆ ಒಂದೊಂದು ಕೆಲಸ ಮಾಡುವ ಪುಟ್ಟ ಪೆಟ್ಟಿಗೆ, ಅವನ್ನು ಒಂದಕ್ಕೊಂದು ಜೋಡಿಸುತ್ತ ಹೋಗಬೇಕು. ಮೇಲೆ ಹೇಳಿದ ಬಿಲ್ಲೆಗಳ ಕೆಲಸಕ್ಕೆ ಅಲ್ಲಿ ಎರಡು ನೋಡ್ ಮುಖ್ಯ: ಮೇಲ್ಮೈಯಲ್ಲಿ ಬಿಂದುಗಳನ್ನು ಹರಡುವುದು ಒಂದು, ಪ್ರತಿ ಬಿಂದುವಿನ ಮೇಲೂ ಬಿಲ್ಲೆಯನ್ನು ಕೂರಿಸುವುದು ಇನ್ನೊಂದು. ಸಿನಿಮಾ 4ಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ಇಲ್ಲಿ ನೀವೇ ಕಟ್ಟಿಕೊಳ್ಳಬೇಕು. ತಡವಾಗುತ್ತದೆ, ನಿಜ. ಆದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಹಣ ಕೊಡಬೇಕಿಲ್ಲವೆಂಬ ಕಾರಣಕ್ಕೆ ಇದನ್ನು ಕಡೆಗಣಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಹೌಡಿನಿ ಎಂಬ 3ಡಿ ಸಾಫ್ಟ್‌ವೇರ್ ನೋಡ್ ಜೋಡಿಸುವ ಈ ದಾರಿಯಲ್ಲಿ ಎಲ್ಲಕ್ಕಿಂತ ಮುಂದಿದೆ. ಆದರೂ ಹೊಗೆ, ನೀರು, ಒಡೆದು ಚೂರಾಗುವ ದೃಶ್ಯಗಳು ನಿಮ್ಮ ದಿನನಿತ್ಯದ ಕೆಲಸವಲ್ಲದಿದ್ದರೆ ಅದನ್ನು ಎರಡನೆಯ ಸಾಫ್ಟ್‌ವೇರ್ ಆಗಿ ಇಟ್ಟುಕೊಳ್ಳಿ. ಇನ್ನೊಂದು 3ಡಿ ಸಾಫ್ಟ್‌ವೇರ್ ಆದ ಮಾಯಾದ ಬಲವಿರುವುದು ಪಾತ್ರಗಳ ಆನಿಮೇಷನ್‌ನಲ್ಲಿ.

ತಂಡದಲ್ಲಿ ದುಡಿಯುವವರಾದರೆ ಈ ಲೆಕ್ಕಾಚಾರವೆಲ್ಲ ಬದಿಗಿರಲಿ, ತಂಡ ಬಳಸುವುದನ್ನೇ ಕಲಿಯಿರಿ. ಅಲೆಂಬಿಕ್ ಎಂಬ ಮಾದರಿಯ ಕಡತ ಆಕಾರವನ್ನೂ ಚಲನೆಯನ್ನೂ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಆದರೆ ಕ್ಲೋನರ್, ಎಫೆಕ್ಟರ್, ನೋಡ್‌ಗಳನ್ನು ಒಯ್ಯುವುದಿಲ್ಲ. ಅಂದರೆ ನಿಮ್ಮ ಕೆಲಸ ಸಹೋದ್ಯೋಗಿಯ ಕೈಗೆ ಸಿಗುತ್ತದೆ, ಅದನ್ನು ತಿದ್ದುವ ಹಿಡಿಕೆಗಳು ಸಿಗುವುದಿಲ್ಲ.

ಸಾಫ್ಟ್‌ವೇರ್ ಶಾಶ್ವತವೆಂದು ಮಾತ್ರ ನಂಬಬೇಡಿ. ಸಾಫ್ಟ್‌ಇಮೇಜ್ ಎಂಬ 3ಡಿ ಸಾಫ್ಟ್‌ವೇರನ್ನು ನಿಲ್ಲಿಸುವುದಾಗಿ ಅದರ ಒಡೆತನದ ಕಂಪನಿ ಆಟೋಡೆಸ್ಕ್ 2014ರಲ್ಲಿ ಪ್ರಕಟಿಸಿದಾಗ, ವರ್ಷಗಟ್ಟಲೆ ಅದರಲ್ಲೇ ಪಳಗಿದವರು ಬೇರೆಡೆಗೆ ಹೋಗಬೇಕಾಯಿತು. ಮೆನು, ಗುಂಡಿಗಳ ಜ್ಞಾನ ಅಲ್ಲೇ ಉಳಿಯಿತು. ವೇಗ, ತೂಕ, ಬೆಳಕಿನ ತಿಳಿವಳಿಕೆ ಅವರ ಜೊತೆಗೆ ಹೋಯಿತು.

ಅದಕ್ಕೇ ನಾನು ಕಲಿಸುವಾಗ ಮೊದಲ ವಾರ ಒಂದು ಘನವನ್ನು ಕೆಳಗೆ ಬೀಳಿಸಲು ಹೇಳುತ್ತೇನೆ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಬೀಳಲು 12 ಫ್ರೇಮ್. ಮೇಲೊಂದು, ಕೆಳಗೊಂದು ಕೀಫ್ರೇಮ್ ಇಟ್ಟು ಓಡಿಸಿದರೆ ಘನ ನೆಲದ ಹತ್ತಿರ ನಿಧಾನಿಸಿ ಹತ್ತಿಯಂತೆ ಕೂರುತ್ತದೆ. ಸಾಫ್ಟ್‌ವೇರ್ ತಾನಾಗಿ ಹಾಕುವ ಚಲನೆಯ ರೇಖೆ ಎರಡೂ ತುದಿಯಲ್ಲಿ ಮೆತ್ತಗಿರುವುದೇ ಇದಕ್ಕೆ ಕಾರಣ. ಆ ರೇಖೆಯನ್ನು ತಿದ್ದುವ ಗ್ರಾಫ್ ಎಡಿಟರ್ ತೆರೆದು, ನೆಲ ಮುಟ್ಟುವ ಬಿಂದುವಿನಲ್ಲಿ ರೇಖೆಯನ್ನು ಕಡಿದಾಗಿಸಿ. ಘನಕ್ಕೆ ತಟ್ಟನೆ ತೂಕ ಬರುತ್ತದೆ. ಮುಂದಿನ ಪುಟಿತ ಅರ್ಧ ಎತ್ತರಕ್ಕೆ ಏರಿದರೆ ಅದಕ್ಕೆ ಹಿಡಿಯುವ ಸಮಯ ಅರ್ಧವಾಗುವುದಿಲ್ಲ, ಸುಮಾರು ಹತ್ತರಲ್ಲಿ ಏಳು ಪಾಲಾಗುತ್ತದೆ. ಬೀಳುವ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದು ಇದಕ್ಕೆ ಕಾರಣ. ಇದನ್ನು ಕಣ್ಣಿನಿಂದ ಗುರುತಿಸಲು ಬಂದ ದಿನ ವಿದ್ಯಾರ್ಥಿಯ ಮುಖದಲ್ಲಿ ಮೂಡುವ ಬೆಳಕು ನನಗೆ ಈ ವೃತ್ತಿಯ ದೊಡ್ಡ ಸಂತೋಷ.

ಪಾಠದ ವಿಡಿಯೋಗಳನ್ನು ನೋಡಿ, ಅಡ್ಡಿಯಿಲ್ಲ. ಮುಗಿದ ಮೇಲೆ ವಿಡಿಯೋ ಮುಚ್ಚಿ, ನೀವು ಮಾಡಿದ್ದರಲ್ಲಿ ಸಂಖ್ಯೆ, ದಿಕ್ಕು, ಅವಧಿ ಈ ಮೂರನ್ನೂ ಬದಲಿಸಿ ನೋಡಿ. ಎಲ್ಲಿ ಮುರಿಯುತ್ತದೆಯೋ ಅಲ್ಲಿ ನಿಮಗೆ ಅರ್ಥವಾಗಿಲ್ಲ.

ಕಂಪ್ಯೂಟರ್ ದೃಶ್ಯವನ್ನು ಅಂತಿಮ ಚಿತ್ರಗಳಾಗಿ ತೆಗೆದುಕೊಡುವ ರೆಂಡರಿಂಗ್‌ನಲ್ಲೂ ಇದೇ ಮಾತು. ಹತ್ತು ಸೆಕೆಂಡು ಎಂದರೆ 250 ಫ್ರೇಮ್. ಫ್ರೇಮಿಗೆ ನಾಲ್ಕು ನಿಮಿಷವಾದರೆ ಒಟ್ಟು 16 ಗಂಟೆ 40 ನಿಮಿಷ. ನೇರವಾಗಿ ವಿಡಿಯೋ ಕಡತಕ್ಕೆ ರೆಂಡರ್ ಮಾಡಿ, 180ನೆಯ ಫ್ರೇಮ್ ಮುಗಿದೊಡನೆ ಕಂಪ್ಯೂಟರ್ ನಿಂತುಹೋದರೆ ಅದುವರೆಗಿನದೆಲ್ಲ ಕೈತಪ್ಪಬಹುದು. ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸುತ್ತ ಬಂದಿದ್ದರೆ 181ರಿಂದ ಮುಂದುವರಿಸಬಹುದು. ಅದರ ಜೊತೆಗೆ ಕ್ರಿಪ್ಟೋಮ್ಯಾಟ್ ಪದರವನ್ನೂ ತೆಗೆದಿಟ್ಟುಕೊಳ್ಳಿ. ದೃಶ್ಯದ ಪ್ರತಿ ವಸ್ತುವಿಗೂ ಪ್ರತ್ಯೇಕ ಮಾಸ್ಕ್, ಅಂದರೆ ಆ ವಸ್ತುವನ್ನಷ್ಟೇ ಆರಿಸಿ ತಿದ್ದಲು ಬೇಕಾದ ಅಚ್ಚು, ಅದರಿಂದ ಸಿಗುತ್ತದೆ. ಅಕ್ಕಪಕ್ಕದ ಮೇಲ್ಮೈಗಳಲ್ಲಿ ಬಿದ್ದ ಪ್ರತಿಫಲನದ ಬಣ್ಣವನ್ನು ಅದು ಬದಲಿಸಲಾರದು, ಆದರೆ ಸಣ್ಣ ವ್ಯತ್ಯಾಸಕ್ಕೆ ಧಾರಾಳವಾಗಿ ಸಾಕು. ‘ಬಿಲ್ಲೆಗಳ ಹಸಿರು ಸ್ವಲ್ಪ ಗಾಢವಾಗಲಿ’ ಎಂಬ ಸಂದೇಶ ಕೊನೆಯ ಸಂಜೆ ಬಂದಾಗ, ಆ ಪದರವಿದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಇನ್ನೊಮ್ಮೆ 16 ಗಂಟೆ 40 ನಿಮಿಷ.