ಎಟಿಪಿ ತಯಾರಾಗುವುದು ಹೇಗೆ? ಒಂದು ಪೊರೆಯ ಸುತ್ತ ನಡೆದ ಜಗಳ

ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿ ಕೇಂದ್ರ. ಒಂದು ಅಂಕದ ಪ್ರಶ್ನೆಗೆ ಈ ಉತ್ತರ ಬರೆದು ನಾವೆಲ್ಲ ಮುಂದಿನ ಪ್ರಶ್ನೆಗೆ ಹೋದವರೇ. ಆದರೆ ಅಲ್ಲಿ ಶಕ್ತಿ ತಯಾರಾಗುವುದು ಹೇಗೆ ಎಂದು ತಿಳಿಯಲು ವಿಜ್ಞಾನಿಗಳು ಹತ್ತಾರು ವರ್ಷ ಹೆಣಗಿದರು, ಜಗಳವಾಡಿದರು. ನಮ್ಮ ಪಾಠಗಳಲ್ಲಿ ಆ ಜಗಳಕ್ಕೆ ಜಾಗವೇ ಇಲ್ಲ. ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ವಸ್ತುವಿನ ಪಾಠ ಎಷ್ಟೋ ಮಕ್ಕಳಿಗೆ ಸುಮ್ನೆ ಬಾಯಿಪಾಠವಾಗಿ ಉಳಿಯುವುದು ಅದಕ್ಕೇ ಎಂದು ನನಗೆ ಅನ್ನಿಸುತ್ತದೆ.

ಎಟಿಪಿ ಎಂಬ ವಸ್ತು ಸಿಕ್ಕಿದ್ದು 1929ರಲ್ಲಿ. ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಅದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ತಮ್ಮ ಪಾಡಿಗೆ ತಾವು ಅದನ್ನು ಕಂಡುಕೊಂಡರು. ಸುಬ್ಬರಾವ್ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ರಂಜಕವನ್ನು ಅಳೆಯಲು ಇವರಿಬ್ಬರು 1925ರಲ್ಲಿ ರೂಪಿಸಿದ ವಿಧಾನಕ್ಕೆ ಇವತ್ತಿಗೂ ಅವರದೇ ಹೆಸರಿದೆ. ಬಯೋಕೆಮಿಸ್ಟ್ರಿ ಓದಿದವರು ಲ್ಯಾಬ್‌ನಲ್ಲಿ ಆ ಹೆಸರನ್ನು ಕೇಳಿಯೇ ಇರುತ್ತಾರೆ.

ಆಹಾರದಿಂದ ಸಿಗುವ ಶಕ್ತಿ ಎಟಿಪಿಯ ಮೂಲಕವೇ ಕೋಶದ ಕೆಲಸಗಳಿಗೆ ತಲುಪುತ್ತದೆ ಎಂದು 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ತೋರಿಸಿಕೊಟ್ಟರು. 1948ರ ಹೊತ್ತಿಗೆ ಯುಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ ಇಲಿಯ ಲಿವರ್‌ನಲ್ಲಿ ಈ ಕೆಲಸ ನಡೆಯುವ ಜಾಗವನ್ನೂ ಹಿಡಿದರು. ಅದು ಮೈಟೊಕಾಂಡ್ರಿಯಾ.

ತೊಡಕು ಶುರುವಾಗಿದ್ದು ಇಲ್ಲಿ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಹಂತ ಹಂತವಾಗಿ ಕೈ ಬದಲಾಗಿ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಇನ್ನೊಂದು ಕಡೆ ಎಡಿಪಿಗೆ, ಅಂದರೆ ಎಟಿಪಿಗಿಂತ ಒಂದು ಫಾಸ್ಫೇಟ್ ಕಡಿಮೆ ಇರುವ ವಸ್ತುವಿಗೆ, ಫಾಸ್ಫೇಟ್ ಸೇರಿ ಎಟಿಪಿ ಆಗುತ್ತದೆ. ಇವೆರಡನ್ನೂ ಜೋಡಿಸುವುದು ಯಾವುದು? ನಡುವೆ ಶಕ್ತಿ ತುಂಬಿದ ಒಂದು ರಾಸಾಯನಿಕ ಇರಲೇಬೇಕು ಎಂದು 1953ರಲ್ಲಿ ಬಿಲ್ ಸ್ಲೇಟರ್ ಹೇಳಿದರು. ಆ ಊಹೆ ತಪ್ಪೆಂದು ಆಗ ಯಾರಿಗೂ ಅನ್ನಿಸುವಂತಿರಲಿಲ್ಲ. ಗ್ಲೂಕೋಸ್ ಒಡೆಯುವಾಗ ಎಟಿಪಿ ಆಗುವುದು ಅಂಥದೇ ಮಧ್ಯವರ್ತಿಗಳ ಮೂಲಕ, ಅಲ್ವಾ? ಹಾಗಾಗಿ ದೊಡ್ಡ ದೊಡ್ಡ ಲ್ಯಾಬ್‌ಗಳೆಲ್ಲ ಅದರ ಬೆನ್ನು ಹತ್ತಿದವು. ಫಾಸ್ಫೇಟ್ ಅಂಟಿಕೊಂಡ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸಿಕ್ಕಾಗ, ಇದೇ ಆ ಮಧ್ಯವರ್ತಿ ಎಂದು ಪಾಲ್ ಬೋಯರ್ ನಂಬಿದರು. ಆಮೇಲೆ ಅದು ಬೇರೆಯದೇ ಒಂದು ಕಿಣ್ವದ್ದು ಎಂದು ಗೊತ್ತಾಯಿತು.

ಅಷ್ಟರಲ್ಲಿ ಎರಡು ಸಂಗತಿಗಳು ಎಲ್ಲರ ಕಣ್ಣ ಮುಂದೆಯೇ ಇದ್ದವು. ಒಂದು, ಮೈಟೊಕಾಂಡ್ರಿಯಾದ ಒಳಪೊರೆ ಹರಿದರೆ ಆಮ್ಲಜನಕ ಖರ್ಚಾಗುತ್ತಲೇ ಇರುತ್ತದೆ, ಎಟಿಪಿ ಮಾತ್ರ ಆಗುವುದಿಲ್ಲ. ಇನ್ನೊಂದು, ಡೈನೈಟ್ರೋಫಿನಾಲ್ ಎಂಬ ಹಳದಿ ರಾಸಾಯನಿಕ. ಪೊರೆ ಹರಿಯದಿದ್ದರೂ ಇದನ್ನು ಹಾಕಿದರೆ ಅದೇ ಪರಿಣಾಮ.

1961ರಲ್ಲಿ ಎಡಿನ್‌ಬರೋದ ಪೀಟರ್ ಮಿಚೆಲ್ ಬೇರೆಯೇ ದಾರಿ ತೋರಿಸಿದರು. ಅಂಥ ರಾಸಾಯನಿಕವೇ ಇಲ್ಲ ಎಂದರು. ಎಲೆಕ್ಟ್ರಾನ್‌ಗಳು ಸಾಗುವಾಗ ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್ ಅಯಾನುಗಳು, ಒಳಪೊರೆಯಾಚೆಗೆ ತಳ್ಳಲ್ಪಡುತ್ತವೆ. ಅಲ್ಲಿ ಒತ್ತಡ ಕೂಡಿಕೊಳ್ಳುತ್ತದೆ. ಲಿಂಗನಮಕ್ಕಿಯಲ್ಲಿ ನಿಂತ ನೀರು ಕೆಳಗಿಳಿದು ಟರ್ಬೈನ್ ತಿರುಗಿಸುವ ಹಾಗೆ, ಪ್ರೋಟಾನ್‌ಗಳು ಒಂದು ಕಿಣ್ವದ ಮೂಲಕ ಒಳಗೆ ನುಗ್ಗುವಾಗ ಎಟಿಪಿ ತಯಾರಾಗುತ್ತದೆ. ಪೊರೆಯೇ ಅಣೆಕಟ್ಟು. ಅದು ಗಟ್ಟಿಯಾಗಿ ಮುಚ್ಚಿಕೊಂಡಿರಬೇಕು, ಅಷ್ಟೇ.

ಹೆಚ್ಚಿನವರು ಇದನ್ನು ನಂಬಲಿಲ್ಲ. ಮಿಚೆಲ್ ಆರೋಗ್ಯ ಕೆಟ್ಟು ವಿಶ್ವವಿದ್ಯಾಲಯ ಬಿಟ್ಟರು. ಕಾರ್ನ್‌ವಾಲ್‌ನ ಬಾಡ್ಮಿನ್ ಹತ್ತಿರದ ಗ್ಲಿನ್ ಹೌಸ್ ಎಂಬ ಹಳೆಯ ಬಂಗಲೆಯನ್ನು ರಿಪೇರಿ ಮಾಡಿಸಿ ಅಲ್ಲೇ ಲ್ಯಾಬ್ ಮಾಡಿಕೊಂಡರು. ಪ್ರಯೋಗಗಳಲ್ಲಿ ಜೊತೆಗಿದ್ದವರು ಜೆನಿಫರ್ ಮೊಯ್ಲ್. ಈ ಹೆಣ್ಣುಮಗಳ ಹೆಸರು ಪಾಠಗಳಲ್ಲಿ ಬರುವುದೇ ಅಪರೂಪ. ಬರಬೇಕಿತ್ತು. ಪ್ರೋಟಾನ್‌ಗಳು ಹೊರಗೆ ಹೋಗುವುದನ್ನು ಅಳೆದು ತೋರಿಸಿದ್ದರಲ್ಲಿ ಅವರ ಪಾಲು ದೊಡ್ಡದು.

1966ರಲ್ಲಿ ಆಂಡ್ರೆ ಜಾಗೆನ್‌ಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಪಾಲಕ್ ಸೊಪ್ಪಿನ ಕ್ಲೋರೊಪ್ಲಾಸ್ಟ್‌ಗಳನ್ನು, ಅಂದರೆ ಎಲೆಯಲ್ಲಿ ಬೆಳಕಿನ ಶಕ್ತಿಯಿಂದ ಎಟಿಪಿ ಮಾಡುವ ಭಾಗಗಳನ್ನು, ಪ್ರೋಟಾನ್ ಹೆಚ್ಚಿರುವ ಆಮ್ಲದಲ್ಲಿ ನೆನೆಸಿ, ತಟ್ಟನೆ ಪ್ರೋಟಾನ್ ಕಡಿಮೆ ಇರುವ ಕ್ಷಾರಕ್ಕೆ ಬದಲಿಸಿದರು. ಬೆಳಕು ಇರಲಿಲ್ಲ, ಪೂರ್ತಿ ಕತ್ತಲೆ. ಆದರೂ ಎಟಿಪಿ ಆಯಿತು! ಪೊರೆಯ ಎರಡು ಬದಿಗಳ ನಡುವಿನ ಪ್ರೋಟಾನ್ ವ್ಯತ್ಯಾಸವೊಂದೇ ಸಾಕಾಗಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1974ರ ಪ್ರಯೋಗ. ಎಫ್ರೇಮ್ ರ‍್ಯಾಕರ್ ಮತ್ತು ವಾಲ್ಟರ್ ಸ್ಟೋಕೆನಿಯಸ್ ಸೋಯಾದ ಕೊಬ್ಬಿನಿಂದ ಸಣ್ಣ ಸಣ್ಣ ಚೀಲಗಳನ್ನು ಮಾಡಿದರು. ಬೆಳಕು ಬಿದ್ದರೆ ಪ್ರೋಟಾನ್ ಸಾಗಿಸುವ ಒಂದು ಪ್ರೋಟೀನನ್ನು ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ತಂದು ಅದರಲ್ಲಿ ಕೂರಿಸಿದರು. ಎಟಿಪಿ ಮಾಡುವ ಕಿಣ್ವವನ್ನು ದನದ ಹೃದಯದ ಮೈಟೊಕಾಂಡ್ರಿಯಾದಿಂದ ತೆಗೆದುಕೊಂಡರು. ಬೆಳಕು ಬಿಟ್ಟರು, ಎಟಿಪಿ ಬಂತು. ಸೋಯಾ, ಸೂಕ್ಷ್ಮಜೀವಿ, ದನ. ಈ ಮೂರರ ನಡುವೆ ಗುಟ್ಟಿನ ರಾಸಾಯನಿಕ ಮಧ್ಯವರ್ತಿ ಎಲ್ಲಿಂದ ಬರಬೇಕು?

1978ರ ರಸಾಯನಶಾಸ್ತ್ರದ ನೊಬೆಲ್ ಮಿಚೆಲ್ ಒಬ್ಬರಿಗೇ ಬಂತು. ಹಿಸ್ಟಿಡಿನ್ ಬೆನ್ನು ಹತ್ತಿದ್ದ ಬೋಯರ್ ಆಮೇಲೆ ಎಟಿಪಿ ಕಿಣ್ವದ ಒಂದು ಭಾಗ ನಿಜವಾಗಿಯೂ ತಿರುಗುತ್ತದೆ ಎಂಬ ವಾದ ಮುಂದಿಟ್ಟರು. 1994ರಲ್ಲಿ ಜಾನ್ ವಾಕರ್ ತಂಡ ಬಿಡಿಸಿದ ರಚನೆ ಅದಕ್ಕೆ ಹೊಂದಿತು. 1997ರಲ್ಲಿ ಇಬ್ಬರೂ ನೊಬೆಲ್ ಹಂಚಿಕೊಂಡರು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಆ ಕಿಣ್ವಕ್ಕೆ ಹೊಳೆಯುವ ಒಂದು ಎಳೆ ಅಂಟಿಸಿ, ಅದು ತಿರುಗುವುದನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಿದರು. ಒಂದು ಸುತ್ತಿಗೆ ಮೂರು ಎಟಿಪಿ. ಹೀಗೆ ತಿರುಗುತ್ತ ತಿರುಗುತ್ತ ನಮ್ಮ ದೇಹ ದಿನಕ್ಕೆ ಸುಮಾರು ತನ್ನ ತೂಕದಷ್ಟೇ ಎಟಿಪಿ ಮಾಡಿಕೊಳ್ಳುತ್ತದೆ.

ಡೈನೈಟ್ರೋಫಿನಾಲ್‌ನ ಗುಟ್ಟೂ ಇದರಿಂದಲೇ ಬಯಲಾಯಿತು. ಅದು ಪ್ರೋಟಾನ್‌ಗಳನ್ನು ಹೊತ್ತು ಪೊರೆಯನ್ನು ಸಲೀಸಾಗಿ ದಾಟುತ್ತದೆ. ಕೂಡಿಟ್ಟ ಒತ್ತಡ ಸೋರಿಹೋಗುತ್ತದೆ. ಎಟಿಪಿ ಆಗಬೇಕಿದ್ದ ಶಕ್ತಿ ಬಿಸಿಯಾಗಿ ಹೋಗುತ್ತದೆ. 1933ರಿಂದ ಅಮೆರಿಕದಲ್ಲಿ ಇದನ್ನು ತೂಕ ಇಳಿಸುವ ಮಾತ್ರೆಯಾಗಿ ಕೊಟ್ಟಿದ್ದರು. ತೂಕ ಇಳಿಯಿತು ನಿಜ. ಆದರೆ ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾವು ಏರಿ ಸತ್ತರು. 1938ರಲ್ಲಿ ಅಲ್ಲಿ ಅದರ ಬಳಕೆಗೆ ತಡೆ ಬಿತ್ತು. ಆದರೂ ಆನ್‌ಲೈನ್‌ನಲ್ಲಿ ಕದ್ದು ಮಾರುವವರು ಇವತ್ತಿಗೂ ಇದ್ದಾರೆ, ತಿಂದು ಸಾಯುವ ಹುಡುಗ ಹುಡುಗಿಯರೂ ಇದ್ದಾರೆ. 2023ರಲ್ಲಿ ಬ್ರಿಟನ್ ಇದನ್ನು ಲೈಸೆನ್ಸ್ ಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು. ಇದಕ್ಕೆ ಪ್ರತಿಮದ್ದು ಇಲ್ಲ.