ಓಡುತ್ತಿರುವ ಕಂಪ್ಯೂಟರಿನಲ್ಲೇ ಪಾರ್ಟಿಷನ್ ಗಡಿ ಸರಿಸಬಹುದು

ಸಿ ಡ್ರೈವ್ ತುಂಬಿ ಕೆಂಪಾಗಿದೆ ಅಂತ ತುಮಕೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟರೆ ಜಾಸ್ತಿ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಹೊಡೀಬೇಕು ಸಾರ್." ಸಿಸ್ಟಮ್ ಆನ್ ಇದ್ದಾಗ ಪಾರ್ಟಿಷನ್ (ಡಿಸ್ಕನ್ನು ಸಿ, ಡಿ ಅಂತ ಹಂಚಿದ ಭಾಗ) ಮುಟ್ಟಿದರೆ ಡೇಟಾ ಎಲ್ಲ ಹೋಗುತ್ತೆ ಅನ್ನುವ ಭಯ ಎಂಜಿನಿಯರಿಂಗ್ ಓದುವ ಮಕ್ಕಳಲ್ಲೂ ಇದೆ. ಈ ಭಯ ಹೋಗಬೇಕು. ಅದಕ್ಕೆ ಒಳಗೆ ನಡೆಯುವುದೇನು ಅಂತ ಗೊತ್ತಾದರೆ ಸಾಕು.

ಡಿಸ್ಕಿನೊಳಗೆ ಗೋಡೆಗಳಿಲ್ಲ. ಡಿಸ್ಕಿನ ಜಾಗವನ್ನು ಸೆಕ್ಟರ್ ಎಂಬ ಚಿಕ್ಕ ತುಂಡುಗಳಲ್ಲಿ ಎಣಿಸುತ್ತಾರೆ; ಇಂಥ ಸೆಕ್ಟರಿನಿಂದ ಶುರು, ಇಷ್ಟು ಸೆಕ್ಟರ್ ಉದ್ದ ಎಂದು ಡಿಸ್ಕಿನ ಮೊದಲಲ್ಲೇ ಒಂದು ಪಟ್ಟಿಯಲ್ಲಿ ಬರೆದಿಟ್ಟ ಲೆಕ್ಕವೇ ಪಾರ್ಟಿಷನ್. 1983ರಲ್ಲಿ ಐಬಿಎಂ ಪಿಸಿಗೆ ಡಾಸ್ 2.0 ಎಂಬ ಆಪರೇಟಿಂಗ್ ಸಿಸ್ಟಮ್ ಬಂದಾಗ ಈ ಪಟ್ಟಿಗೆ ಸಿಕ್ಕಿದ್ದು ಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ ಬರೀ 64. ಒಂದು ಸಾಲಿಗೆ 16 ಬೈಟ್, ಹಾಗಾಗಿ ನಾಲ್ಕೇ ಸಾಲು. ಸೆಕ್ಟರ್ ಲೆಕ್ಕಕ್ಕೆ 32 ಬಿಟ್ ಮಾತ್ರ ಇದ್ದದ್ದರಿಂದ ಸುಮಾರು 2 ಟೆರಾಬೈಟ್ ದಾಟಿದ ಡಿಸ್ಕಿಗೆ ಅದು ಸಾಲಲಿಲ್ಲ. ಅದರ ಬದಲು ಈಗ ಬಳಸುವ ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳು. ಡಿಸ್ಕಿನ ಕೊನೆಯಲ್ಲಿ ಅದರ ನಕಲೂ ಇರುತ್ತದೆ.

ಸ್ವಾರಸ್ಯ ಇರುವುದು ಮುಂದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಈ ಪಟ್ಟಿಯನ್ನು ಬೂಟ್ ಆಗುವಾಗ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಸುಮ್ನೆ ಮತ್ತೆ ಮತ್ತೆ ಡಿಸ್ಕ್ ನೋಡುವುದಿಲ್ಲ. ನೀವು ಗಡಿ ಬದಲಿಸಿದರೆ ಡಿಸ್ಕಿನಲ್ಲಿ ಹೊಸ ಲೆಕ್ಕ, ಕರ್ನಲ್ ತಲೆಯಲ್ಲಿ ಹಳೇ ಲೆಕ್ಕ. ಪೋಡಿ ಆಗಿ ಹೊಸ ಪಹಣಿ ಬಂದಿದ್ದರೂ, ಸುದ್ದಿ ತಲುಪದ, ವಾರಕ್ಕೆ ಜಮೀನು ಮಾಡುವವನು ಹಳೇ ಬದುವಿನವರೆಗೂ ಉಳುತ್ತಲೇ ಇರುತ್ತಾನೆ, ಅಲ್ವಾ? ಹಾಗೇ ಇದು. ಪಾರ್ಟಿಷನ್ ಪಟ್ಟಿ ತಿದ್ದುವ ಹಳೆಯ ಎಫ್‌ಡಿಸ್ಕ್ ಕಮಾಂಡ್ ಇದನ್ನು ನೇರವಾಗಿ ಹೇಳಿಬಿಡುತ್ತಿತ್ತು: ಡಿವೈಸ್ ಬಿಝಿ, ಕರ್ನಲ್ ಇನ್ನೂ ಹಳೇ ಪಟ್ಟಿಯಲ್ಲೇ ಇದೆ, ರೀಬೂಟ್ ಮಾಡಿ. ರೀಬೂಟ್‌ನಲ್ಲಿ ಮಂತ್ರವೇನಿಲ್ಲ, ಪಟ್ಟಿಯನ್ನು ಮತ್ತೆ ಓದಿಸುತ್ತದೆ ಅಷ್ಟೇ. ಪಾರ್ಟ್‌ಎಕ್ಸ್ ಎಂಬ ಕಮಾಂಡ್ ಆ ಒಂದು ಸಾಲಿನ ಬದಲಾವಣೆಯನ್ನು ಮಾತ್ರ ಕರ್ನಲ್‌ಗೆ ಮುಟ್ಟಿಸಬಲ್ಲದು. 2012ರಲ್ಲಿ ಬಂದ ಕರ್ನಲ್ 3.6ರಿಂದ, ಬಳಕೆಯಲ್ಲಿರುವ ಪಾರ್ಟಿಷನ್ನಿನ ಅಳತೆಯನ್ನೂ ಹೀಗೆ ಬದಲಿಸಬಹುದು.

ಅಪಾಯ ಬರುವುದು ಕೆಲಸದ ಕ್ರಮ ತಪ್ಪಿದಾಗ. ಹಿಗ್ಗಿಸುವಾಗ ಮೊದಲು ಗಡಿ, ಆಮೇಲೆ ಒಳಗಿನ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್, ಕೊನೆಗೆ ಗಡಿ. ಕುಗ್ಗಿಸುವಾಗ ಇದು ಹಿಂದುಮುಂದಾದರೆ ಫೈಲ್ ಸಿಸ್ಟಮ್‌ನ ಬಾಲ ಗಡಿಯಾಚೆ ಉಳಿಯುತ್ತದೆ, ಮುಂದಿನ ಸಲ ಮೌಂಟ್ ಆಗದೆ, ಅಂದರೆ ಬಳಕೆಗೆ ತೆರೆದುಕೊಳ್ಳದೆ ಹೋಗಬಹುದು. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಓಡುತ್ತಲೇ ಬೆಳೆಯುತ್ತದೆ, ಆದರೆ ಕುಗ್ಗಿಸಲು ಅನ್‌ಮೌಂಟ್ ಮಾಡಲೇಬೇಕು. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದಕ್ಕೆ ಓಡುತ್ತಲೇ ಎರಡೂ ಬರುತ್ತದೆ. ಏನೇ ಮಾಡಿದರೂ ಬ್ಯಾಕಪ್ ಇಲ್ಲದೆ ಕೈಹಾಕಬೇಡಿ. ನಡುವೆ ಕರೆಂಟ್ ಹೋದರೆ ಯಾವ ಕ್ರಮವೂ ಕಾಯುವುದಿಲ್ಲ.

ವಿಂಡೋಸ್‌ನ ಕಷ್ಟ ಬೇರೆ. ಒಂದೇ ಡಿಸ್ಕಿನಲ್ಲಿ ಸಿ ಪಕ್ಕ ಡಿ ಇದೆ ಅಂತಿಟ್ಟುಕೊಳ್ಳಿ. ಡಿ ಕುಗ್ಗಿಸಿದರೆ ಖಾಲಿ ಜಾಗ ಡಿಯ ಬಲಕ್ಕೆ ಬೀಳುತ್ತದೆ. ಸಿಗೆ ಬೇಕಾದ್ದು ತನ್ನ ಬಲಕ್ಕೇ ಅಂಟಿಕೊಂಡ ಜಾಗ. ಅದಕ್ಕೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಟೆಂಡ್ ವಾಲ್ಯೂಮ್ ಅನ್ನುವುದು ಮಂಕಾಗಿ, ಒತ್ತಲು ಬಾರದಂತೆ ಕೂತಿರುತ್ತದೆ. ಎಷ್ಟೋ ಜನ ಇಲ್ಲೇ ಸೋತು ಫಾರ್ಮ್ಯಾಟ್‌ಗೆ ಒಪ್ಪುತ್ತಾರೆ. ಡಿಯಲ್ಲಿ ಬರೀ ಫೈಲುಗಳಿದ್ದರೆ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಡಿ ಅಳಿಸಿ. ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ಸರಿಪಡಿಸಲು ಇಟ್ಟ ಭಾಗ) ಇಲ್ಲದಿದ್ದರೆ ವಿಂಡೋಸ್ ಓಡುತ್ತಿರುವಾಗಲೇ ಸಿ ಬೆಳೆಯುತ್ತದೆ. ಉಳಿದ ಜಾಗದಲ್ಲಿ ಹೊಸ ಡಿ ಮಾಡಿ ಫೈಲುಗಳನ್ನು ವಾಪಸ್ ಹಾಕಿಕೊಳ್ಳಬಹುದು.